ಚೌಬಾರದ ಸುತ್ತಮುತ್ತ

ಬೀದರನ್ನು ಕರ್ನಾಟಕದ ಕಿರೀಟವೆಂದು ಕರೆಯುವುದು ವಾಡಿಕೆ. ಭೂಪಟವನ್ನು ಬಿಡಿಸಿ ನೋಡಿದರೆ ಮಾತು ಸರಿಯೆ. ಆದರೆ ಕಿರೀಟಕ್ಕೆ ಒಂದು ಸ್ವಭಾವವುಂಟು. ಅದು ಊರಿಗೆಲ್ಲ ಕಾಣಿಸುತ್ತದೆ, ಧರಿಸಿದವನ ಕಣ್ಣಿಗೆ ಮಾತ್ರ ಕಾಣಿಸದು. ೧೯೫೬ರ ನವೆಂಬರ್ ಒಂದರಂದು ಹೈದರಾಬಾದ್ ರಾಜ್ಯದ ಸಂಬಂಧವನ್ನು ಕಡಿದುಕೊಂಡು ಕನ್ನಡ ನಾಡನ್ನು ಸೇರಿದ ಮೇಲೆ ಬಹುಕಾಲ ಬೀದರಿನ ಗತಿ ಇದೇ ಆಗಿತ್ತು. ರಾಜಧಾನಿಯ ಕಚೇರಿಗಳಲ್ಲಿ ಆ ಊರಿನ ಹೆಸರು ಕೇಳಿಬರುತ್ತಿದ್ದುದು ಹೆಚ್ಚಾಗಿ ವರ್ಗಾವಣೆಯ ಸಂದರ್ಭದಲ್ಲಿ. ಮೇಲಧಿಕಾರಿಯ ಮುನಿಸಿಗೆ ಗುರಿಯಾದ ಗುಮಾಸ್ತನ ಎದೆ ನಡುಗಿಸಲು “ಬೀದರಿಗೆ ಹಾಕಿಸಲೇನು?” ಎಂಬ ಒಂದು ಮಾತು ಸಾಕಾಗುತ್ತಿತ್ತು. ಹಾಗೆ ಕಣ್ಣೀರಿಡುತ್ತ ಹೋದವರಲ್ಲಿ ಎಷ್ಟೋ ಮಂದಿ ಅಲ್ಲಿನ ಗಾಳಿಗೂ ಜನರ ಆದರಕ್ಕೂ ಮನಸೋತು, ಹಿಂದಿರುಗುವ ಆದೇಶ ಕೈಗೆ ಬಂದಾಗ ಮತ್ತೊಮ್ಮೆ ಕಣ್ಣೀರಿಟ್ಟರೆಂಬುದು ಬೇರೆ ಮಾತು.

ಈಗ ಕಾಲ ತಿರುಗಿದೆ. ಬೀದರಿನ ಹೆಸರು ದೇಶದ ನಾಲ್ಕು ಕಡೆಗಳಲ್ಲಿ ಕೇಳಿಬರುತ್ತಿದೆ. ೨೦೧೧ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಬೀದಿಯಲ್ಲಿ ಸಾಗಿದ ಕರ್ನಾಟಕದ ಸ್ತಬ್ಧಚಿತ್ರ ಬಿದ್ರಿ ಕಲೆಯದು. ೨೦೧೪ರಲ್ಲಿ ಬೀದರಿನ ಬಹಮನಿ ಮತ್ತು ಬರೀದಶಾಹಿ ಸ್ಮಾರಕಗಳು, ಕಲಬುರಗಿ, ವಿಜಯಪುರ, ಹೈದರಾಬಾದುಗಳ ಸ್ಮಾರಕಗಳೊಡನೆ ಯುನೆಸ್ಕೊ ಸಂಸ್ಥೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದುವು. ೨೦೧೭ರ ಅಕ್ಟೋಬರಿನಲ್ಲಿ ಹುಮನಾಬಾದ್ ಮಾರ್ಗವಾಗಿ ಬೀದರ್–ಕಲಬುರಗಿ ರೈಲುದಾರಿ ತೆರೆದು, ಎರಡು ನೆರೆಯ ಜಿಲ್ಲೆಗಳು ನೇರವಾಗಿ ಕೂಡಿದುವು. ೨೦೨೦ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ವಿಮಾನ ಬಂದಿಳಿಯಿತು. ಅದು ನಡುವೆ ನಿಂತಿತು, ೨೦೨೫ರ ಏಪ್ರಿಲಿನಲ್ಲಿ ಮತ್ತೆ ಹಾರಿತು. ೧೯೮೯ರಲ್ಲಿ ಬೆರಳೆಣಿಕೆಯ ಮಕ್ಕಳೊಡನೆ ಆರಂಭವಾದ ಶಾಹೀನ್ ವಿದ್ಯಾಸಂಸ್ಥೆಗೆ ಇಂದು ವೈದ್ಯಕೀಯ ಪ್ರವೇಶ ಪರೀಕ್ಷೆಯ ತಯಾರಿಗಾಗಿ ದೂರದೂರದ ರಾಜ್ಯಗಳಿಂದ ತಂದೆತಾಯಿಗಳು ಮಕ್ಕಳನ್ನು ಕರೆತರುತ್ತಾರೆ. ವಾಯುಪಡೆಯ ಸೂರ್ಯಕಿರಣ ತಂಡದ ಕೆಂಪು ಬಿಳಿಯ ವಿಮಾನಗಳು ಕಸರತ್ತು ಕಲಿಯುವುದೂ ಇದೇ ಊರಿನ ಆಕಾಶದಲ್ಲಿ.

ಇಷ್ಟೆಲ್ಲದರ ನಡುವೆ ಒಂದು ಗೌರವದ ವಿಷಯವನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ನ್ಯೂಯಾರ್ಕಿನಲ್ಲಿರುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ತನ್ನ ೨೦೧೪ರ ಪಟ್ಟಿಯಲ್ಲಿ ಬೀದರ್ ಐತಿಹಾಸಿಕ ನಗರವನ್ನು ಹೆಸರಿಸಿತು. ಕೋಟೆಯನ್ನಷ್ಟೇ ಅಲ್ಲದೆ ನಗರವನ್ನು ಹೆಸರಿಸಿತೆಂಬುದನ್ನು ಓದುಗರು ಗಮನಿಸಬೇಕು. ಅದನ್ನು ಬಹುಮಾನವೆಂದು ಭಾವಿಸಿದವರುಂಟು. ವಾಸ್ತವವಾಗಿ ಅದು ಆತಂಕದಲ್ಲಿರುವ, ಆರೈಕೆ ಬೇಡುತ್ತಿರುವ ಸ್ಥಳಗಳ ಪಟ್ಟಿ. ರೋಗಿ ಆಸ್ಪತ್ರೆಗೆ ಸೇರಿದ ಸುದ್ದಿ ಪತ್ರಿಕೆಯಲ್ಲಿ ಬಂದಿತೆಂದು ಅವನಿಗೆ ಹಾರ ಹಾಕಿ ಹಿಂದಿರುಗಿದರೆ ಹೇಗೆ? ನಗರ ಐತಿಹಾಸಿಕವಾದುದು ಎಂಬ ಮಾತಿನಷ್ಟೇ ಅದು ಕಾಯಿಲೆ ಬಿದ್ದಿದೆ ಎಂಬ ಮಾತೂ ಆ ಪಟ್ಟಿಯಲ್ಲಿ ಅಡಗಿತ್ತು.

ಕಾಯಿಲೆ ಯಾವುದೆಂದು ತಿಳಿಯಲು ಚೌಬಾರದ ಬಳಿಗೆ ಹೋಗಬೇಕು. ಹಳೆಯ ಊರಿನ ನಟ್ಟನಡುವೆ ನಾಲ್ಕು ದಾರಿಗಳು ಕೂಡುವಲ್ಲಿ ದುಂಡಗೆ ನಿಂತಿರುವ ಈ ಗೋಪುರದ ಎತ್ತರ ೭೧ ಅಡಿ. ಒಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲುಗಳು ಎಂಬತ್ತು. ಕಾವಲಿಗೆಂದು ಕಟ್ಟಿದ್ದು, ಮೇಲೇರಿದವನಿಗೆ ಬೀದರಿನ ಪ್ರಸ್ಥಭೂಮಿಯೆಲ್ಲ ಅಂಗೈಯಲ್ಲಿ ಇಟ್ಟಂತೆ ಕಾಣುತ್ತಿದ್ದಿತು. ಇಲ್ಲಿಂದ ಉತ್ತರದ ಬೀದಿ ಹಿಡಿದರೆ ಮೊದಲು ಮಹಮೂದ್ ಗವಾನನ ಮದರಸಾ, ಅದನ್ನು ದಾಟಿದರೆ ಕೋಟೆ. ಊರಿಗೆ ಐದು ಬಾಗಿಲುಗಳು: ಶಾಹಗಂಜ್, ಫತೇ, ಮಂಗಲಪೇಟ, ದುಲ್ಹನ್, ತಲಘಾಟ್. ಬಾಗಿಲುಗಳೊಳಗಿನ ಓಣಿಗಳಿಗೆ ಇಂದಿಗೂ ತಾಲೀಮುಗಳ ಹೆಸರು. ಸಿದ್ದಿಕ್ ಶಾ ತಾಲೀಮು, ಮನಿಯಾರ್ ತಾಲೀಮು, ಹೀಗೆ. ಗರಡಿಮನೆಗಳ ಹೆಸರಿನಿಂದ ಬೀದಿಗಳನ್ನು ಕರೆದ ಊರು ಒಂದು ಕಾಲಕ್ಕೆ ಎಂತಹ ಮೈಕಟ್ಟಿನದಾಗಿದ್ದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಮದರಸಾ ಮುಗಿದದ್ದು ೧೪೭೨ರಲ್ಲಿ. ಕಟ್ಟಿಸಿದ ಗವಾನ್ ಇರಾನಿನ ಗೀಲಾನ್ ಪ್ರಾಂತದಿಂದ ಬಂದವನು. ಬಹಮನಿ ರಾಜ್ಯದ ಮಂತ್ರಿಯಾಗಿ ಏರಿದವನು. ಶತ್ರುಗಳು ಸೃಷ್ಟಿಸಿದ ಒಂದು ಕಳ್ಳಪತ್ರದ ದೆಸೆಯಿಂದ ೧೪೮೧ರಲ್ಲಿ ಸುಲ್ತಾನನ ಆಜ್ಞೆಯಂತೆ ತಲೆ ಕಳೆದುಕೊಂಡವನು. ಅವನ ಮದರಸಾ ಅವನಿಗಿಂತ ಇನ್ನೂರು ವರ್ಷಗಳಷ್ಟು ಹೆಚ್ಚು ಬಾಳಿತು. ಆಮೇಲೆ ಔರಂಗಜೇಬನ ಕಾಲದಲ್ಲಿ, ೧೬೯೬ರಲ್ಲಿ, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಅರ್ಧ ಭಾಗ ಹಾರಿಹೋಯಿತು. ಉಳಿದ ಒಂದು ಮಿನಾರಿನ ಮೇಲೆ, ಮುಂಗೋಡೆಯ ಮೇಲೆ ನೀಲಿ ಹೆಂಚುಗಳ ಚೂರುಗಳು ಇನ್ನೂ ಬಿಸಿಲಿಗೆ ಮಿನುಗುತ್ತವೆ. ವಿದ್ಯೆಯ ಮನೆಯಲ್ಲಿ ಮದ್ದು ತುಂಬಿದವರ ಬುದ್ಧಿಯನ್ನು ಏನೆನ್ನಬೇಕು!

ಬಹಮನಿಗಳ ಬಳಿಕ ಬರೀದಶಾಹಿಗಳು, ೧೬೧೯ರಲ್ಲಿ ವಿಜಯಪುರ, ೧೬೫೭ರಲ್ಲಿ ಮೊಗಲರು, ಮುಂದೆ ನಿಜಾಮರು. ಒಡೆಯರು ಬದಲಾದಂತೆಲ್ಲ ರಾಜಧಾನಿ ದೂರ ಸರಿಯಿತು, ಆದರೂ ಪೇಟೆ ಉಳಿಯಿತು. ಪೇಟೆಗೆ ದೊಡ್ಡ ಪೆಟ್ಟು ಬಿದ್ದದ್ದು ೧೯೫೬ರಲ್ಲಿ. ಭಾಷೆಯ ನ್ಯಾಯದಂತೆ ಆದ ಆ ವಿಂಗಡಣೆ ಆಗಬೇಕಾದದ್ದೆ. ಆದರೆ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ಅಹಮದಪುರ, ನಿಲಂಗಗಳು ಮುಂಬಯಿಯ ಕಡೆಗೆ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರದ ಕಡೆಗೆ. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಭಾಗಗಳು ಇತ್ತ ಉಳಿದುವು. ಚೌಬಾರದ ಅಂಗಡಿಗೆ ತಲೆಮಾರುಗಳಿಂದ ಬರುತ್ತಿದ್ದ ಗಿರಾಕಿಯ ಊರು ಬೆಳಗಾಗುವುದರೊಳಗೆ ಬೇರೆ ರಾಜ್ಯದ್ದಾಯಿತು. ಇತ್ತ ಉದಗೀರ ರಸ್ತೆ, ಅಂಬೇಡ್ಕರ್ ವೃತ್ತಗಳ ಕಡೆ ಹೊಸ ಊರು ಬೆಳೆಯಿತು. ಕಚೇರಿ, ಬ್ಯಾಂಕು, ದವಾಖಾನೆಗಳೆಲ್ಲ ಅತ್ತ ಹೋದುವು. ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಓಣಿಯ ಮನೆಗೆ ಬೀಗ ಹಾಕಿ ಬಡಾವಣೆಗೆ ತೆರಳಿದರು.

ಹಾಗೆಂದು ಹಳೆಯ ಪೇಟೆ ಹಾಳುಬಿದ್ದಿತೆಂದು ತಿಳಿಯಬಾರದು. ಅಲ್ಲಿ ಜನವಿದ್ದಾರೆ. ಈ ಮಾತು ಮುಖ್ಯವಾದುದು. ಅಮೆರಿಕಾದ ಮಿಷಿಗನ್ ಪ್ರಾಂತದಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಊರುಂಟು. ಬೀದರಿನಂತೆಯೇ ಎರಡು ಲಕ್ಷದ ಆಸುಪಾಸಿನ ಜನಸಂಖ್ಯೆ. ಬೀದರಿಗೆ ಬಿದ್ರಿಯಂತೆ ಅದಕ್ಕೆ ಮರದ ಪೀಠೋಪಕರಣಗಳಿಂದ ಬಂದ ಹೆಸರು. ಕಾರ್ಖಾನೆಗಳು ದಕ್ಷಿಣದ ರಾಜ್ಯಗಳಿಗೆ ಸರಿದುವು, ಅಂಗಡಿಗಳು ಊರ ಹೊರಗೆ ಹೋದುವು, ನಡುಪೇಟೆ ಬಿಕೋ ಎಂದಿತು. ನಗರವನ್ನು ಹೊಸದಾಗಿ ಕಟ್ಟುವ ಉತ್ಸಾಹದಲ್ಲಿ ೧೯೬೯ರಲ್ಲಿ ತಮ್ಮ ಹಳೆಯ ಪುರಭವನವನ್ನೇ ಅವರು ಕೆಡವಿದರು. ಕೆಡವಬೇಡಿರೆಂದು ಒಬ್ಬ ಮಹಿಳೆ ಕಟ್ಟಡ ಒಡೆಯುವ ಕಬ್ಬಿಣದ ಗುಂಡಿಗೆ ತನ್ನನ್ನು ಸರಪಳಿಯಿಂದ ಬಿಗಿದುಕೊಂಡಳು. ಫಲವಾಗಲಿಲ್ಲ. ಅದೇ ವರ್ಷ ಅಲ್ಲಿಯೇ ಕ್ಯಾಲ್ಡರ್ ಎಂಬ ಶಿಲ್ಪಿಯ ಕೆಂಪು ಉಕ್ಕಿನ ಮಹಾಕೃತಿ ನಿಂತಿತು. ೨೦೦೯ರಿಂದ ಊರ ನಡುವೆಲ್ಲ ಚಿತ್ರ ಶಿಲ್ಪಗಳನ್ನು ಇರಿಸಿ, ನೋಡಲು ಬಂದವರ ಮತದಿಂದಲೇ ಬಹುಮಾನ ಕೊಡುವ ಉತ್ಸವ ಆರಂಭವಾಗಿ, ಆ ಊರು ದೇಶಕ್ಕೆಲ್ಲ ಪರಿಚಿತವಾಯಿತು. ಬರಿದಾದ ಪೇಟೆಗೆ ಅವರು ಜನರನ್ನು ಕರೆತರಬೇಕಾಗಿದ್ದಿತು. ಬೀದರಿನಲ್ಲಿ ಜನರು ಪೇಟೆಯನ್ನು ಬಿಟ್ಟೇ ಇಲ್ಲ. ಇರುವವರು ಅಲ್ಲಿಯೇ ಬಾಳುವಂತೆ ಮಾಡುವುದೇ ಇಲ್ಲಿನ ಕೆಲಸ. ಹೊರಗಿನ ಮಾದರಿಯನ್ನು ತರುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಪುರಭವನದ ಪ್ರಸಂಗದಂಥದು ಬೀದರಿಗೂ ತಪ್ಪಲಿಲ್ಲ. ೨೦೧೦ರ ಆಸುಪಾಸಿನಲ್ಲಿ ರಸ್ತೆಗಳನ್ನು ಅಗಲಿಸುವ ಕಾರ್ಯ ಹಳೆಯ ಊರಿನೊಳಗೂ ನಡೆಯಿತು. ಮೋಟಾರು ವಾಹನ ಹೋಗಬೇಕು, ರೋಗಿಯನ್ನು ಕರೆದೊಯ್ಯುವ ಗಾಡಿ ತಿರುಗಬೇಕು, ಚರಂಡಿ ಹರಿಯಬೇಕು. ಅಗಲಿಸಬೇಕೆಂದವರ ವಾದ ಪೊಳ್ಳೇನೂ ಅಲ್ಲ. ಆದರೆ ಜಂಬಿಟ್ಟಿಗೆ ಕಲ್ಲು, ಗಾರೆಗಳ ಹಳೆಯ ಮನೆಗೆ ಮುಂಗೋಡೆಯೇ ಮುಖ. ಮುಖವನ್ನು ಕತ್ತರಿಸಿ ಅಳತೆಗೆ ಸರಿಮಾಡಿದ ಮೇಲೆ ಉಳಿಯುವ ಬೀದಿ ಯಾವ ಊರಿನದಾದರೂ ಆಗಬಹುದು. ಹೆಸರಾಂತ ಸ್ಮಾರಕಗಳಿಗೆ ಪುರಾತತ್ವ ಇಲಾಖೆಯ ಕಾವಲುಂಟು. ಎರಡು ಸ್ಮಾರಕಗಳ ನಡುವಣ ಸಾಮಾನ್ಯ ಮನೆಗೆ ಯಾರ ಕಾವಲು? ಅಂತಹ ಮನೆಯ ಒಡೆಯನಿಗೆ ದುರಸ್ತಿಗೆ ಹಣ ಬೇಕು, ಗಾರೆ ಅರೆಯಬಲ್ಲ ಕೆಲಸಗಾರ ಬೇಕು. ಎರಡೂ ಸಿಕ್ಕದಾಗ ಅವನು ಸಿಮೆಂಟಿನ ಮೊರೆಹೋದರೆ ಅವನನ್ನು ದೂಷಿಸುವ ಅಧಿಕಾರ ಪ್ರವಾಸಿಗಿಲ್ಲ.

ಇದೇ ಪೇಟೆಯ ಓಣಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸಣ್ಣ ಸುತ್ತಿಗೆಯ ಸದ್ದು ಕೇಳುತ್ತದೆ. ಬೀದರಿನ ಹೆಸರನ್ನು ಹೊತ್ತು ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದವರೆಗೆ ಹೋಗಿರುವ ಬಿದ್ರಿ ಸಾಮಾನು ಹುಟ್ಟುವುದು ಇಲ್ಲಿ. ಅದು ಹುಟ್ಟುವ ಬಗೆಯನ್ನು ಒಮ್ಮೆ ನೋಡಿದವರು ಬೆಲೆ ಹೆಚ್ಚಾಯಿತೆಂದು ಗೊಣಗಲಾರರು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸಬೇಕು. ಹರಳೆಣ್ಣೆ, ರಾಳ ಕಲಸಿದ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯಬೇಕು. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಹೂಬಳ್ಳಿಯನ್ನು ಬರೆಯುತ್ತಾರೆ. ಕೆಳಗೆ ನಕ್ಷೆಯ ಕಾಗದವಿಲ್ಲ, ಕೈಯ ಅಭ್ಯಾಸವೇ ನಕ್ಷೆ. ಬರೆದ ಗೆರೆಯನ್ನು ಉಳಿಯಿಂದ ಕೊರೆದು, ಕೂದಲೆಳೆಯಂತಹ ಬೆಳ್ಳಿ ತಂತಿಯನ್ನು ಕೊರೆದ ದಾರಿಯಲ್ಲಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲವೂ ಬೂದಿಬಣ್ಣ. ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂಬುದೇ ತಿಳಿಯದು.

ಚಮತ್ಕಾರವಿರುವುದು ಕೊನೆಯಲ್ಲಿ. ಕೋಟೆಯ ಹಳೆಯ ಕಟ್ಟಡಗಳಲ್ಲಿ ಶತಮಾನಗಳಿಂದ ಬಿಸಿಲನ್ನೂ ಮಳೆಯನ್ನೂ ಕಾಣದ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಲೇಪಿಸುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗಿ ಹೋಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಮೂಡಿದಂತೆ ಹೊಳೆಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬರುವುದೆಂದು ಕಾರೀಗರರು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ಪಾಠಶಾಲೆಯಲ್ಲಿ ಕಲಿಸಲಾಗದ ವಿದ್ಯೆ ಇದು.

ಸಿದ್ದಿಕ್ ಶಾ ತಾಲೀಮಿನ ಅಂಗಡಿಗಳಲ್ಲಿ ಕಾಣುವ ಈ ಕಲೆಗೆ ೨೦೦೬ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಬಾಲ್ಯದಲ್ಲಿ ತಂದೆಯ ಬಳಿ ಕಲಿತ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂದಾಗ ಊರು ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಆದರೆ ಪದಕ ಒಬ್ಬರ ಎದೆಯ ಮೇಲೆ ಬೀಳುತ್ತದೆ, ಕಲೆ ನೂರಾರು ಕೈಗಳಲ್ಲಿ ಉಳಿಯಬೇಕು. ಎರಕದವನು, ಕೊರೆಯುವವನು, ಬೆಳ್ಳಿ ಕೂರಿಸುವವನು ಬೇರೆ ಬೇರೆ. ಒಬ್ಬನು ಬಿಟ್ಟುಹೋದರೆ ಮಿಕ್ಕವರ ಕೈಯೂ ನಿಲ್ಲುತ್ತದೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಮೊದಲು ಕೈಬಿಡುವುದು ಬಂಡವಾಳವಿಲ್ಲದ ಸಣ್ಣ ಕಾರೀಗರ. ಅಗ್ಗದ ಲೋಹಕ್ಕೆ ಕಪ್ಪು ಬಣ್ಣ ಬಳಿದು ಬಿದ್ರಿ ಎಂದು ಮಾರುವವರು ಎಲ್ಲೆಡೆ ಇದ್ದಾರೆ. ಮಗನು ಬಣ್ಣದ ಅಂಗಡಿಯಲ್ಲಿಯೋ ಮೊಬೈಲು ಅಂಗಡಿಯಲ್ಲಿಯೋ ತಿಂಗಳ ಸಂಬಳಕ್ಕೆ ನಿಂತರೆ, ಹೊಗೆ ಮತ್ತು ಧೂಳಿನ ನಡುವೆ ಬೆನ್ನು ಬಾಗಿಸಿ ಕೂತ ತಂದೆ ಯಾವ ಬಾಯಿಂದ ಅವನನ್ನು ಕರೆಯಬೇಕು? ಪೇಟೆಯ ಪುನರುಜ್ಜೀವನ ಆಗಿದೆಯೋ ಇಲ್ಲವೋ ಎಂಬುದನ್ನು ಅಳೆಯಲು ಬೀದಿದೀಪಗಳನ್ನು ಎಣಿಸುವುದಕ್ಕಿಂತ ಆ ಮಗನು ಎಲ್ಲಿ ಕೂತಿದ್ದಾನೆಂದು ನೋಡುವುದು ಮೇಲು.

ನೆಲದ ಮೇಲಿನ ಬೀದರ್ ಹೀಗಾದರೆ ನೆಲದ ಕೆಳಗೆ ಇನ್ನೊಂದು ಬೀದರ್ ಉಂಟು. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ಇಲ್ಲಿಗೆ ರಾಜಧಾನಿಯನ್ನು ತಂದಾಗ ಎದುರಾದ ಮೊದಲ ಪ್ರಶ್ನೆ ನೀರಿನದು. ಎತ್ತರದ ನೆಲ, ಹೊಳೆ ದೂರ. ಉಪಾಯ ಇರಾನಿನಿಂದ ಬಂದಿತು. ಅದರ ಹೆಸರು ಕರೇಜ್. ಜನರ ಬಾಯಲ್ಲಿ ಸುರಂಗಬಾವಿ. ಎತ್ತರದ ಕಡೆ ಜಲದ ಸೆಲೆ ಸಿಕ್ಕುವವರೆಗೆ ತಾಯಿಬಾವಿ ತೋಡಬೇಕು. ಅಲ್ಲಿಂದ ಊರಿನ ಕಡೆಗೆ ನೆಲದೊಳಗೆ ಅತಿ ಸೌಮ್ಯವಾದ ಇಳಿಜಾರಿನ ಸುರಂಗ ಕೊರೆಯಬೇಕು. ಮಣ್ಣು ಹೊರಗೆಳೆಯಲು, ಗಾಳಿಯಾಡಲು ನಡುನಡುವೆ ನೇರವಾದ ಬಾವಿಗಳನ್ನು ಇಳಿಸಬೇಕು. ಆಮೇಲೆ ಎತ್ತುವವರಿಲ್ಲದೆ, ಏತವಿಲ್ಲದೆ ನೀರು ತಾನಾಗಿಯೇ ನಡೆದು ಬರುತ್ತದೆ. ಬೀದರಿನ ನೆಲವೂ ಇದಕ್ಕೆ ಒಪ್ಪುವಂಥದು. ಮೇಲೆ ರಂಧ್ರಮಯವಾದ ಜಂಬಿಟ್ಟಿಗೆ, ಕೆಳಗೆ ಗಟ್ಟಿಯಾದ ಕಪ್ಪು ಶಿಲೆ. ಮಳೆಯ ನೀರು ಇಂಗುತ್ತ ಹೋಗಿ ಶಿಲೆಯ ಮೇಲೆ ತಂಗುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ ಎಂದು ಬೀದರಿನ ಸುತ್ತ ದೇವರಿಗೂ ಗುರುವಿಗೂ ಝರಿಯ ಹೆಸರು ಕೂಡಿಕೊಂಡಿರುವುದಕ್ಕೆ ಹಿನ್ನೆಲೆ ಈ ಕಲ್ಲು.

ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂಬ ಮೂರು ಕರೇಜುಗಳು ಹೆಸರಾದವು. ಜಮುನಾ ಮೋರಿ ಹಳೆಯ ಊರಿನ ಅಡಿಯಲ್ಲಿ ಸಾಗುತ್ತದೆ. ನಲ್ಲಿ ಬರುವ ಎಷ್ಟೋ ಮೊದಲು ಮನೆಗಳಿಗೆ ನೀರು ತಲುಪಿಸಲು ಮಾಡಿದ ಏರ್ಪಾಡು. ಕೊಳವೆಬಾವಿಗಳ ಕಾಲ ಬಂದ ಮೇಲೆ ಎಲ್ಲವೂ ಮರೆವಿಗೆ ಸಂದುವು. ಗಾಳಿಬಾವಿಗಳ ಬಾಯಿ ಕಸದ ಗುಂಡಿಯಾಯಿತು. ಕೇರಳದ ಭೂಗೋಳ ಪ್ರಾಧ್ಯಾಪಕ ವಲ್ಲಿಯಿಲ್ ಗೋವಿಂದನ್‌ಕುಟ್ಟಿಯವರು ಊರಿನ ತರುಣರ ತಂಡವೊಂದರ ಜೊತೆಗೂಡಿ ಈ ಸುರಂಗಗಳ ಜಾಡು ಹಿಡಿದರು. ಜಿಲ್ಲಾಡಳಿತ ನೌಬಾದಿನಲ್ಲಿ ಹೂಳೆತ್ತಿಸಿತು. ಮಣ್ಣು ಹೊರಬಿದ್ದಂತೆ ಒಳಗೆ ನೀರು ಕಾಣಿಸಿಕೊಂಡಿತು. ಐದು ಶತಮಾನಗಳ ಹಿಂದಿನ ಲೆಕ್ಕಾಚಾರ ಇನ್ನೂ ತಪ್ಪಿರಲಿಲ್ಲ.

೨೦೧೬ರ ಬೇಸಿಗೆಯನ್ನು ಆ ಭಾಗದವರು ಮರೆಯಲಾರರು. ನೆರೆಯ ಲಾತೂರಿಗೆ ಆ ಏಪ್ರಿಲಿನಲ್ಲಿ ಮೀರಜಿನಿಂದ ರೈಲುಗಾಡಿಯಲ್ಲಿ ಕುಡಿಯುವ ನೀರು ತಂದರು. ದೇಶವೆಲ್ಲ ಆ ಚಿತ್ರವನ್ನು ನೋಡಿತು. ಭಾಲ್ಕಿ, ಔರಾದಗಳ ಗಡಿ ದಾಟಿದರೆ ಲಾತೂರ್ ಜಿಲ್ಲೆ. ಬರಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಬೀದರಿನಲ್ಲೂ ಬಾವಿಗಳು ಬತ್ತಿದ್ದುವು. ಆಗ ಬೀದರಿನ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿಯವರು ಹಳೆಯ ಕೆರೆ, ತೆರೆದ ಬಾವಿ, ಕರೇಜುಗಳ ಹೂಳನ್ನು ತೆಗೆಸುವುದಕ್ಕೆ ಟೊಂಕ ಕಟ್ಟಿ ನಿಂತರು. ಮರುವರ್ಷ, ೨೦೧೭ರ ಮೇ ತಿಂಗಳಿನಲ್ಲಿ, ಲಖನೌದಲ್ಲಿ ಅವರು ಮೃತರಾದ ಸುದ್ದಿ ಬಂದಾಗ ಬೀದರಿನಲ್ಲಿ ಅತ್ತವರಲ್ಲಿ ಕೆರೆಯಂಗಳದ ರೈತರೂ ಇದ್ದರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡಿನವರ ೨೦೨೦ರ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳು ಸೇರಿದುವು. ಎರಡನೆಯ ಬಾರಿಯೂ ಅದೇ ಎಚ್ಚರಿಕೆ. ಕರೇಜಿನ ಮೇಲಿನ ನೆಲ ಖಾಸಗಿಯದು. ಅಲ್ಲಿ ನಿವೇಶನ ಗುರುತಿಸಿ ತಳಪಾಯ ತೋಡುವವನಿಗೆ ಕೆಳಗೆ ಸುರಂಗವಿದೆಯೆಂಬ ಸಂಗತಿ ಕ್ರಯಪತ್ರದಲ್ಲಿ ಕಾಣುವುದಿಲ್ಲ. ಒಂದು ಗಾಳಿಬಾವಿಯನ್ನು ಮುಚ್ಚಿದರೆ ಒಂದು ಬಾವಿ ಹೋಯಿತೆಂದಷ್ಟೇ ಅಲ್ಲ. ಅಲ್ಲಿಂದ ಮುಂದಿನ ನಡಿಗೆಯೇ ಕೆಡುತ್ತದೆ. ಇರಾನಿನವರು ತಮ್ಮ ಹನ್ನೊಂದು ಕರೇಜುಗಳನ್ನು ೨೦೧೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡರು.

ಪೇಟೆಯ ಮಾತು ಬಂದಾಗ ಪೇಟೆಗೆ ಬರುವವರ ಮಾತೂ ಬರಬೇಕು. ಭಾಲ್ಕಿಯವರಿಗೆ ರೈಲುಂಟು. ಬೀದರ್, ಭಾಲ್ಕಿ, ಕಮಲನಗರ, ಉದಗೀರಗಳನ್ನು ಪೋಣಿಸಿದ ಆ ದಾರಿ ನಿಜಾಮರ ಕಾಲದ್ದು. ಔರಾದಿನವರಿಗೆ ಬಸ್ಸೇ ಗತಿ. ತೊಗರಿ, ಉದ್ದು, ಹೆಸರು, ಸೋಯಾ ಬೆಳೆಯುವ ಕರಿನೆಲದ ಜನ. ಮನೆಯಲ್ಲಿ ಕನ್ನಡ, ಗಡಿಯಾಚೆಯ ನೆಂಟರೊಡನೆ ಮರಾಠಿ, ಪೇಟೆಯಲ್ಲಿ ಉರ್ದು ಆಡಿ ಯಾವ ಭಾಷೆಯಲ್ಲೂ ಮೋಸಹೋಗದವರು. ಮದುವೆಯ ಜವಳಿಗೆ, ಕೋರ್ಟಿನ ಕೆಲಸಕ್ಕೆ, ಮಕ್ಕಳ ಓದಿಗೆ ಅವರಿಗೆ ಬೀದರೇ ಬೇಕು. ಹೋಳಿಯ ಬಳಿಕ ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಗೋರಿಯ ಬಳಿ ನಡೆಯುವ ಉರುಸು ಜಾತ್ರೆಗೂ ಅವರೇ ಜೀವ. ಸುಲ್ತಾನನನ್ನು ಅಲ್ಲಮಪ್ರಭುವೆಂದು ಬಗೆದು ಕಾಯಿ ಒಡೆಯುವವರು, ಫಾತೆಹಾ ಓದುವವರು ಒಂದೇ ಅಂಗಳದಲ್ಲಿ ನಿಲ್ಲುತ್ತಾರೆ. ಜಂಗಮರು ಬಂದು ಆ ಉರುಸನ್ನು ನಡೆಸಿಕೊಡುತ್ತಾರೆ. ಈ ಜಾತ್ರೆಗೆ ಜಾಹೀರಾತು ಬೇಕಾಗಿಲ್ಲ. ೨೦೨೩ರ ಜನವರಿಯಲ್ಲಿ ಕೋಟೆಯಲ್ಲಿ ವಿಜೃಂಭಣೆಯಿಂದ ನಡೆದ ಬೀದರ್ ಉತ್ಸವಕ್ಕೆ ದೀಪಾಲಂಕಾರ, ಹೆಸರಾಂತ ಗಾಯಕರು ಎಲ್ಲವೂ ಇದ್ದುವು. ಜಾತ್ರೆಗೆ ಇರುವುದು ಸಂಪ್ರದಾಯವೊಂದೆ. ಎರಡಕ್ಕೂ ಊರಿನಲ್ಲಿ ಎಡೆಯುಂಟು. ಖರ್ಚನ್ನೆಲ್ಲ ಒಂದಕ್ಕೇ ಸುರಿಯುವಾಗ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಇದೇ ಸೀಮೆಯ ಒಂದು ಕಥೆಯನ್ನು ಬೀದರಿನ ಮನೆಮನೆಯಲ್ಲೂ ಹೇಳುತ್ತಾರೆ. ನಿಜಾಮರ ಆಳಿಕೆಯಲ್ಲಿ 'ಉರ್ದು'ವೇ ಶಾಲೆಯ ಭಾಷೆಯಾಗಿದ್ದಾಗ, ಅಂದಿನ ಔರಾದ ಸೀಮೆಯ ಕಮಲನಗರದಲ್ಲಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ೧೯೯೯ರಲ್ಲಿ ದೇಹ ಬಿಡುವ ಹೊತ್ತಿಗೆ ಅವರಿಗೆ ನೂರು ವರ್ಷ ದಾಟಿದ್ದಿತು. ಅವರ ಶಾಲೆಯ ಮಕ್ಕಳ ಮೊಮ್ಮಕ್ಕಳು ಈಗ ಬೀದರಿನ ಕಾಲೇಜುಗಳಲ್ಲಿ ಎಂಜಿನಿಯರಿಂಗು, ಪಶುವೈದ್ಯಗಳನ್ನು ಓದುತ್ತಾರೆ. ಓದು ಮುಗಿದ ಮೇಲೆ ಅವರಲ್ಲಿ ಹೆಚ್ಚಿನವರು ಹೈದರಾಬಾದಿನ ಬಸ್ಸನ್ನೋ ಪುಣೆಯ ರೈಲನ್ನೋ ಹತ್ತುತ್ತಾರೆ. ಫಲಕ ಬದಲಾಗಿದೆ, ಊರಿನಲ್ಲಿ ಉದ್ಯೋಗ ಮಾತ್ರ ಇನ್ನೂ ಸಾಲದು.

ಸುಮಾರು ೧೪೭೦ರ ವೇಳೆಗೆ ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಒಂದು ಕುದುರೆ ಮಾರುವ ಆಸೆಯಿಂದ ಅಲೆದಲೆದು ಬೀದರಿಗೆ ಬಂದ. ಅವನ ಹೆಸರಿನಲ್ಲಿ ೧೯೫೭ರಲ್ಲಿ ಭಾರತ, ಸೋವಿಯತ್ ದೇಶಗಳು ಕೂಡಿ 'ಪರದೇಸಿ' ಎಂಬ ಚಲನಚಿತ್ರವನ್ನೇ ತೆಗೆದವು. ಆತನು ಅಂದಿನ ಬೀದರಿನಲ್ಲಿ ಕಂಡುದನ್ನು ಬರೆದಿಟ್ಟ: ಸರದಾರರ ಸಿರಿಗೆ ಮಿತಿಯಿಲ್ಲ, ಹಳ್ಳಿಯ ಜನ ಕಡುಬಡವರು ಎಂಬುದು ಆ ಬರಹದ ತಾತ್ಪರ್ಯ. ಅರಮನೆಯ ವೈಭವದ ಪ್ರಸಂಗ ಬಂದಾಗ ಮಾರ್ಗದರ್ಶಿ ಪುಸ್ತಕಗಳು ನಿಕಿತಿನನನ್ನು ಸ್ಮರಿಸುತ್ತವೆ. ವಾಕ್ಯದ ಎರಡನೆಯ ಅರ್ಧವನ್ನು ಮಾತ್ರ ಬಿಟ್ಟುಬಿಡುತ್ತವೆ.

ಇಂದು ವಿಮಾನದಿಂದಲೋ ರೈಲಿನಿಂದಲೋ ಇಳಿದ ಪ್ರವಾಸಿಯ ಕಾರು ನೇರವಾಗಿ ಕೋಟೆಗೆ ಹೋಗುತ್ತದೆ. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ, ಸೋಲಾ ಖಂಬಾ ಮಸೀದಿ ನೋಡಿ, ಅಷ್ಟೂರಿನಲ್ಲಿ ಚಿತ್ರ ತೆಗೆದುಕೊಂಡು, ಗುರುದ್ವಾರದಲ್ಲಿ ಊಟಮಾಡಿ ಸಂಜೆಗೆ ಹೈದರಾಬಾದಿಗೆ ಹೊರಟುಬಿಡುತ್ತದೆ. ಪೇಟೆಗೆ ಅದರಿಂದ ಬಂದದ್ದು ಧೂಳು. ಬೇಸಿಗೆಯ ರಜೆಯಲ್ಲಿ ಅತ್ತ ಹೋಗುವ ಓದುಗರು ಕಾರನ್ನು ಮದರಸಾದ ಬಳಿ ಬಿಟ್ಟು ಚೌಬಾರದವರೆಗೆ ನಡೆದು ಬಂದರೆ ದಾರಿ ಬಹಳವಾಗದು. ಅಂಗಡಿಯಲ್ಲಿ ಕೊಳ್ಳುವ ಮೊದಲು ಒಳಗೆ ಕೆಲಸ ನೋಡಬಹುದೇ ಎಂದು ಕೇಳಬೇಕು. ಹೆಚ್ಚಿನವರು ಸಂತೋಷದಿಂದ ತೋರಿಸುತ್ತಾರೆ. ನಿಜವಾದ ಬಿದ್ರಿ ಕೈಗೆ ಭಾರವಾಗಿರುತ್ತದೆ; ಬೆಳ್ಳಿಯ ಗೆರೆ ಮೈಯೊಳಗೆ ಕೂತಿರುತ್ತದೆ, ಉಗುರಿಗೆ ಏಳುವುದಿಲ್ಲ. ಸಣ್ಣ ಡಬ್ಬಿಗೂ ಹಲವು ದಿನಗಳ ಕೈಕೆಲಸ ಹಿಡಿದಿರುವುದರಿಂದ ಗೃಹಿಣಿಯರು ಚೌಕಾಸಿಯನ್ನು ತರಕಾರಿ ಸಂತೆಗೆ ಮೀಸಲಿಟ್ಟರೆ ಒಳಿತು. ಮನೆಗೆ ತಂದ ಮೇಲೆ ಕಪ್ಪು ಮಂಕಾದಂತೆ ಕಂಡರೆ ಹತ್ತಿಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಬೇಕು. ಹಿತ್ತಾಳೆಯ ಚೊಂಬೆಂದು ಬಗೆದು ಹುಣಸೆಹಣ್ಣು ಹಾಕಿ ತಿಕ್ಕಬಾರದು.